ಹಳೇಬೀಡಿನ ನಂದಿಯೂ ನನ್ನ ಸೆಕೋನಿಕ್ ಮೀಟರೂ

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಮಂಟಪದಲ್ಲಿ ಕೂತಿರುವ ನಂದಿಯನ್ನು ನೋಡಿದವರಿಗೆ ಅದರ ಮೈಯ ನುಣುಪು ಗೊತ್ತಿರುತ್ತದೆ. ಈಗಷ್ಟೇ ಎಣ್ಣೆ ಹಚ್ಚಿ ಒರೆಸಿದ ಹಾಗೆ ಕಪ್ಪಗೆ ಮಿನುಗುತ್ತದೆ. ನಾನು ಮೊದಲ ಸಲ ಅದನ್ನು ತೆಗೆದದ್ದು ನಿಕಾನ್ ಎಫ್‌ಎಂ2 ಕ್ಯಾಮೆರಾದಲ್ಲಿ, 100 ಐಎಸ್‌ಒ ಟ್ರಾನ್ಸ್‌ಪರೆನ್ಸಿ (ಸ್ಲೈಡ್) ಫಿಲ್ಮ್ ಹಾಕಿಕೊಂಡು. ಫ್ರೇಮ್ ತುಂಬ ನಂದಿಯೇ. ವ್ಯೂಫೈಂಡರಿನೊಳಗೆ, ಬೆಳಕು ಸರಿಯಾಗಿದೆ ಅಂತ ಕ್ಯಾಮೆರಾದ ಮೀಟರ್ ಹೇಳುವ ಕೆಂಪು ಸೊನ್ನೆ ಹೊತ್ತಿಕೊಳ್ಳುವವರೆಗೂ ತಿರುಗಿಸಿದೆ: ಅಪರ್ಚರ್ ಎಫ್ 4, ಶಟರ್ 1/15 ಸೆಕೆಂಡ್. ಫಿಲ್ಮ್ ತೊಳೆಸಿ ತಂದು ನೋಡಿದರೆ ನಂದಿ ಸಿಮೆಂಟಿನದಾಗಿತ್ತು. ಕಂಬಗಳ ಸಂದಿನಲ್ಲಿದ್ದ ಆಕಾಶ ಪೂರ್ತಿ ಬಿಳಿ.

ಹಾಸನದಲ್ಲಿ ನಾನು ಕೆಲಸ ಕಲಿತ ಸ್ಟುಡಿಯೋದ ಯಜಮಾನರಿಗೆ ತೋರಿಸಿದೆ. ಬೆಳಕಿಗೆ ಹಿಡಿದು ನೋಡಿ, "ನೀನು ಕಲ್ಲನ್ನ ಅಳೆದಿದೀಯ ಕಣೋ, ಬೆಳಕನ್ನಲ್ಲ" ಅಂದರು. ಕ್ಯಾಮೆರಾದ ಮೀಟರಿಗೆ ಎದುರಿಗಿರುವುದು ಕಪ್ಪೋ ಬಿಳಿಯೋ ತಿಳಿಯುವುದಿಲ್ಲ. ಯಾವುದನ್ನು ತೋರಿಸಿದರೂ ನಡುವಿನ ಬೂದು ಬಣ್ಣ ಅಂದುಕೊಂಡೇ ಲೆಕ್ಕ ಹಾಕುತ್ತದೆ. ಹಾಗಾಗಿ ಕಪ್ಪು ನಂದಿ ಬೆಳ್ಳಗಾಗುತ್ತದೆ, ಬಿಳಿ ಪಂಚೆ ಉಟ್ಟ ಮದುಮಗ ಮಂಕಾಗುತ್ತಾನೆ.

ಆಮೇಲೆ ಅವರು ಬೀರುವಿನಿಂದ ತಮ್ಮ ಸೆಕೋನಿಕ್ ಎಲ್-398 ತೆಗೆದು ಕೊಟ್ಟರು. ವಸ್ತುವಿನಿಂದ ಬರುವ ಬೆಳಕನ್ನಲ್ಲ, ಅದರ ಮೇಲೆ ಬೀಳುವ ಬೆಳಕನ್ನು ಅಳೆಯುವ ಕೈಮೀಟರ್ ಅದು. ಅಂಗೈಯಷ್ಟು ದೊಡ್ಡದು, ತಲೆಯ ಮೇಲೆ ಅರ್ಧ ಪಿಂಗ್‌ಪಾಂಗ್ ಚೆಂಡಿನಂಥ ಬಿಳಿ ಗುಮ್ಮಟ. ಬ್ಯಾಟರಿಯೇ ಇಲ್ಲ. ಗುಮ್ಮಟದ ಕೆಳಗಿನ ಸೆಲೆನಿಯಂ ಸೆಲ್ ಬೆಳಕಿನಿಂದಲೇ ಕರೆಂಟ್ ಮಾಡಿಕೊಂಡು ಮುಳ್ಳನ್ನು ಎತ್ತುತ್ತದೆ.

ಮುಂದಿನ ಭಾನುವಾರವೇ ಮತ್ತೆ ಹಳೇಬೀಡಿಗೆ ಹೋದೆ. ಈ ಸಲ ನಂದಿಯ ಪಕ್ಕಕ್ಕೇ ಹೋಗಿ ನಿಂತು, ಗುಮ್ಮಟವನ್ನು ಕ್ಯಾಮೆರಾ ಇಡುವ ಕಡೆಗೆ ತಿರುಗಿಸಿ, ನನ್ನ ನೆರಳು ಅದರ ಮೇಲೆ ಬೀಳದಂತೆ ಕೈ ಚಾಚಿ ಹಿಡಿದೆ. ಮುಳ್ಳು ನಡುಗಿ ನಿಂತಿತು. ಡಯಲ್ ತಿರುಗಿಸಿದರೆ ಎಫ್ 4ಕ್ಕೆ 1/60. ಪೂರಾ ಎರಡು ಸ್ಟಾಪ್ ವ್ಯತ್ಯಾಸ, ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ! ಆ ಚಿತ್ರದಲ್ಲಿ ನಂದಿ ಕಪ್ಪಗೇ ಬಂತು, ಕೊರಳ ಸರದ ಒಂದೊಂದು ಗೆಜ್ಜೆಯ ಅಂಚಿನಲ್ಲೂ ಬೆಳಕಿನ ಗೆರೆ ಇತ್ತು. ಅದನ್ನು ನೋಡಿದಾಗ ಆದ ಸಂತೋಷ ಇವತ್ತಿಗೂ ಹಾಗೇ ಇದೆ.

ಬಿಸಿಲಿಗೆ ಬಂದರೆ ಒಂದು ಎಚ್ಚರಿಕೆ ಬೇಕು. ಮುಳ್ಳು ತುದಿಗೆ ಹೋಗಿ ಕೂತುಬಿಡುತ್ತದೆ, ಆಗ ಬೆಳಕು ತಗ್ಗಿಸಲು ಹೈ ಸ್ಲೈಡ್ ಅನ್ನುವ ತೂತಿನ ತಗಡನ್ನು ಮೀಟರಿನೊಳಗೆ ತೂರಿಸಿ, ಡಯಲಿನಲ್ಲಿ ಎಚ್ ಗುರುತಿನಿಂದ ಓದಬೇಕು. ನೆರಳಿಗೆ ಬಂದಾಗ ಅದನ್ನು ತೆಗೆಯಲು ಮರೆತು ಅರ್ಧ ರೋಲ್ ಕಳೆದುಕೊಂಡಿದ್ದೇನೆ.

ದೇವಸ್ಥಾನದ ಒಳಗೆ, ಕಡೆದ ಕಂಬಗಳ ನಡುವೆ, ಸೆಲೆನಿಯಂ ಕೈಕೊಡುತ್ತದೆ. ಜಾಲಂಧ್ರದಿಂದ, ಅಂದರೆ ತೂತು ಕೊರೆದ ಕಲ್ಲಿನ ಜಾಲರಿಯಿಂದ ಬರುವ ಬೆಳಕಿಗೆ ಮುಳ್ಳು ಅಲುಗುವುದೇ ಕಷ್ಟ. ಅಲ್ಲಿ ನಾನು ಕಂಬದ ಪಕ್ಕ ಅಂಗೈ ಹಿಡಿದು, ಅದನ್ನೇ ಕ್ಯಾಮೆರಾದ ಮೀಟರಿನಲ್ಲಿ ಓದಿ, ಅಂಗೈ ಮೀಟರಿನ ಆ ಬೂದು ಬಣ್ಣಕ್ಕಿಂತ ಬೆಳ್ಳಗಿರುವುದರಿಂದ ಒಂದು ಸ್ಟಾಪ್ ಹೆಚ್ಚು ಕೊಡುತ್ತೇನೆ. ಆಮೇಲೆ ಗೋಡೆಗೆ ಬೆನ್ನು ಕೊಟ್ಟು, ಉಸಿರು ಬಿಗಿಹಿಡಿದು ಒತ್ತುತ್ತೇನೆ.