ಸೀಮೆಸುಣ್ಣದ ಗೆರೆ

ನಮ್ಮ ಚಿಕ್ಕಪ್ಪ ಲೆಕ್ಕ ಬರೆಯುವ ಕೆಲಸ ಮಾಡಿ ರಿಟೈರ್ ಆದವರು. ಕೂಡುವುದರಲ್ಲಿ ಒಂದು ಅಂಕಿ ತಪ್ಪಿದರೂ ಹಿಡಿದುಬಿಡುತ್ತಿದ್ದರು. ಅಂಥವರು ಒಂದು ದಿನ ತಮ್ಮ ಕುರ್ಚಿಯ ನಾಲ್ಕೂ ಕಾಲಿನ ಸುತ್ತ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದಿದ್ದರು. ಯಾಕೆ ಅಂತ ಕೇಳಿದೆ. "ರಾತ್ರಿ ಯಾರೋ ಒಳಗೆ ಬಂದು ಇದನ್ನ ಎರಡು ಬೆರಳು ಸರಿಸಿ ಹೋಗ್ತಾರೆ ಕಣೋ. ನನಗೆ ಗೊತ್ತಾಗಲಿ ಅಂತಲೇ ಮಾಡೋದು."

ಹುಚ್ಚು ಅಂದರೆ ಬಟ್ಟೆ ಹರಿದುಕೊಂಡು ಬೀದಿಯಲ್ಲಿ ಕೂಗಾಡುವುದು ಅಂತ ಅಂದುಕೊಂಡಿದ್ದ ನನಗೆ ಇದು ಅರ್ಥವೇ ಆಗಲಿಲ್ಲ, ಯಾಕಂದ್ರೆ ಇದೊಂದು ವಿಷಯ ಬಿಟ್ಟರೆ ಅವರು ಮೊದಲಿನ ಹಾಗೇ ಇದ್ದರು, ಪೇಪರ್ ಓದುತ್ತಿದ್ದರು, ನನ್ನ ಮಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಭ್ರಮೆಯೊಂದು ಗಟ್ಟಿಯಾಗಿ ಕಚ್ಚಿಕೊಳ್ಳುವ, ಡೆಲ್ಯೂಶನಲ್ ಡಿಸಾರ್ಡರ್ ಅನ್ನುವ ಕಾಯಿಲೆಯ ಗುರುತೇ ಇದು ಅಂತ ಆಮೇಲೆ ತಿಳಿಯಿತು. ಸ್ಕಿಜೋಫ್ರೇನಿಯಾ ಅನ್ನುವ ಇನ್ನೊಂದು ಮಾನಸಿಕ ಕಾಯಿಲೆಯಲ್ಲಿ ಮಾತು, ಯೋಚನೆ, ದಿನಚರಿ ಎಲ್ಲವೂ ಕಲಸಿಹೋಗಬಹುದು. ಇಲ್ಲಿ ಹಾಗಲ್ಲ. ಒಂದೇ ಒಂದು ಕೋಣೆಗೆ ಬೆಂಕಿ ಬಿದ್ದಿರುತ್ತದೆ, ಉಳಿದ ಮನೆ ನೆಟ್ಟಗಿರುತ್ತದೆ. ಅಪರೂಪದ ಕಾಯಿಲೆ, 1000 ಜನರಲ್ಲಿ ಸುಮಾರು 2 ಮಂದಿಗೆ ಜೀವನದಲ್ಲಿ ಯಾವಾಗಲಾದರೂ ಬರಬಹುದು ಅನ್ನುತ್ತಾರೆ. ಹೆಚ್ಚಾಗಿ ನಡುವಯಸ್ಸು ದಾಟುವ ಹೊತ್ತಿಗೆ ಶುರುವಾಗುತ್ತದೆ.

ಚಿಕ್ಕಪ್ಪನದು ಎಲ್ಲಕ್ಕಿಂತ ಜಾಸ್ತಿ ಕಾಣುವ ಬಗೆ: ಯಾರೋ ನನಗೆ ಕೇಡು ಮಾಡುತ್ತಿದ್ದಾರೆ, ಹಿಂಬಾಲಿಸುತ್ತಿದ್ದಾರೆ, ಅನ್ನಕ್ಕೆ ಏನೋ ಬೆರೆಸುತ್ತಿದ್ದಾರೆ ಅನ್ನುವುದು. ನಾನೇ ದೊಡ್ಡ ಸಂಶೋಧಕ, ದೇವರು ಆರಿಸಿದವನು ಅನ್ನುವ ಬಗೆಯೂ ಇದೆ. ಚರ್ಮದೊಳಗೆ ಹುಳ ಹರಿಯುತ್ತಿದೆ ಅನ್ನುವವರು ಕೆರೆದು ತೆಗೆದ ಚೂರುಗಳನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಡಾಕ್ಟರಿಗೆ ತೋರಿಸಲು ಬರುತ್ತಾರಂತೆ. ಎಷ್ಟೋ ಜನ ಹಾಗೆ ತಂದದ್ದರಿಂದ ವೈದ್ಯರು ಅದಕ್ಕೆ ಬೆಂಕಿಪೊಟ್ಟಣದ ಲಕ್ಷಣ ಅಂತಲೇ ಹೆಸರಿಟ್ಟಿದ್ದಾರೆ. ಇವರು ಹೋಗುವುದು ಚರ್ಮದ ಡಾಕ್ಟರ ಹತ್ತಿರ, ಮನೋವೈದ್ಯರ ಹತ್ತಿರ ಅಲ್ಲ.

ಇನ್ನೊಂದು, ಯಾರೋ ದೊಡ್ಡ ಮನುಷ್ಯರು ನನ್ನನ್ನು ಗುಟ್ಟಾಗಿ ಪ್ರೀತಿಸುತ್ತಿದ್ದಾರೆ ಅನ್ನುವ ಬಗೆ. ಫ್ರಾನ್ಸಿನ ಮನೋವೈದ್ಯ ಕ್ಲೆರಾಂಬೋ 1921ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದ. ಅವನ ಒಬ್ಬ ರೋಗಿ ಇಂಗ್ಲೆಂಡಿನ ದೊರೆ 5ನೇ ಜಾರ್ಜ್ ತನ್ನನ್ನು ಪ್ರೀತಿಸುತ್ತಾನೆ ಅಂತ ನಂಬಿ ಬಕಿಂಗ್‌ಹ್ಯಾಮ್ ಅರಮನೆಯ ಹೊರಗೆ ಕಾಯುತ್ತಿದ್ದಳು. ಕಿಟಕಿಯ ಪರದೆ ಅಲುಗಿದರೆ ಸಾಕು, ಅದು ದೊರೆ ತನಗೆ ಕಳಿಸಿದ ಸನ್ನೆ.

ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ಮಾತ್ರ ಗಂಡ ಅಥವಾ ಹೆಂಡತಿಗೆ ಬೇರೆ ಸಂಬಂಧ ಇದೆ ಅನ್ನುವ ಬಗೆ. ಬರೀ ಸಂಶಯ ಪಿಶಾಚಿ ಅಂತ ತಳ್ಳಿಹಾಕುವ ಹಾಗಿಲ್ಲ, ಹೊಡೆತ ಬಡಿತದವರೆಗೂ ಹೋಗಬಹುದು, ಆಗ ಮೊದಲು ನೋಡಬೇಕಾದ್ದು ಸಂಗಾತಿಯ ಜೀವ. ಆದರೆ ಇಲ್ಲೊಂದು ವಿಚಿತ್ರ ಇದೆ. ಹೆಂಡತಿಗೆ ನಿಜಕ್ಕೂ ಬೇರೆ ಸಂಬಂಧ ಇದ್ದರೂ ಗಂಡನದು ಭ್ರಮೆಯೇ ಆಗಿರಬಹುದು! ಮೇಜಿನ ಮೇಲೆ ಲೋಟ ಎಡಗಡೆ ಇತ್ತು, ಅದಕ್ಕೇ ಅವಳು ಮೋಸ ಮಾಡಿದ್ದಾಳೆ ಅಂತ ತೀರ್ಮಾನಿಸಿದವನ ಮಾತು ನಿಜವಾಗಿಬಿಟ್ಟರೆ ಅದು ಕಾಕತಾಳೀಯ, ಅಷ್ಟೇ. ಆ ನಂಬಿಕೆಗೆ ಹೋಗಿ ಮುಟ್ಟಿದ ದಾರಿಯಲ್ಲೇ ಕಾಯಿಲೆ ಇರುವುದು. ಸಂಶಯಪಡುವವನಿಗೆ ಮನಸ್ಸಿನ ಮೂಲೆಯಲ್ಲಿ "ಇರಲಿಕ್ಕಿಲ್ಲ" ಅಂತಲೂ ಇರುತ್ತದೆ, ಭ್ರಮೆ ಹಿಡಿದವನಿಗೆ ಆ ಮೂಲೆಯೇ ಇರುವುದಿಲ್ಲ.

ಇದು ಗೊತ್ತಿಲ್ಲದೆ ನಾನು ವಾದಕ್ಕೆ ಇಳಿದೆ. ಕ್ಯಾಮೆರಾ ಹಾಕಿಸಿ, ರಾತ್ರಿಯಿಡೀ ಖಾಲಿ ಇದ್ದ ಕೋಣೆಯನ್ನು ಮೊಬೈಲಿನಲ್ಲಿ ತೋರಿಸಿದೆ. ಚಿಕ್ಕಪ್ಪ ಪೂರ್ತಿ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಅವರಿಗೆ ಕ್ಯಾಮೆರಾ ಇರೋದು ಹೇಗೆ ಗೊತ್ತಾಯ್ತು? ಹಾಕಿಸಿದ್ದು ನೀನು ತಾನೇ?" ಅಂದರು. ಆವತ್ತಿನಿಂದ ಎರಡು ತಿಂಗಳು ನನಗೆ ಬಾಗಿಲು ತೆಗೆಯಲಿಲ್ಲ.

ಕೊನೆಗೆ ದಾರಿ ಮಾಡಿದ್ದು ಚಿಕ್ಕಮ್ಮ. ಯಾರು ಬರ್ತಾರೆ, ಬರಲ್ಲ ಅನ್ನುವ ಗೋಜಿಗೇ ಹೋಗದೆ, "ನಿಮಗೆ ನಿದ್ದೆ ಇಲ್ಲ, ಅದಕ್ಕಾದರೂ ಡಾಕ್ಟರ ಹತ್ತಿರ ಹೋಗೋಣ ಬನ್ನಿ" ಅಂದರು. ನಿದ್ದೆ ಇಲ್ಲದ್ದು ಸುಳ್ಳಾಗಿರಲಿಲ್ಲವಲ್ಲ. ಡಾಕ್ಟರ್ ಮೊದಲು ಮರೆವಿನ ಕಾಯಿಲೆ, ಥೈರಾಯ್ಡ್, ತೆಗೆದುಕೊಳ್ಳುತ್ತಿದ್ದ ಬೇರೆ ಮಾತ್ರೆ, ಕುಡಿತ, ಕಿವಿ ಕೇಳುವುದು ಎಲ್ಲ ವಿಚಾರಿಸಿದರು, ವಯಸ್ಸಾದ ಮೇಲೆ ಶುರುವಾಗುವ ಭ್ರಮೆಗೆ ಇವೂ ಕಾರಣ ಇರಬಹುದು ಅಂತ. ನೀವು ಹೇಳೋದು ಸುಳ್ಳು ಅನ್ನಲಿಲ್ಲ, ಹೌದು ಅಂತ ತಲೆಯೂ ಆಡಿಸಲಿಲ್ಲ. "ತುಂಬಾ ಭಯ ಆಗಿರಬೇಕು ಅಲ್ವಾ" ಅಂದರು. ಚಿಕ್ಕಪ್ಪನ ಕಣ್ಣಲ್ಲಿ ನೀರು ಬಂತು. ನಾನು ಅಷ್ಟು ದಿನ ವಾದ ಮಾಡಿದ್ದೆ, ಭಯ ಆಗುತ್ತಾ ಅಂತ ಒಂದು ಸಲವೂ ಕೇಳಿರಲಿಲ್ಲ.

ಭ್ರಮೆ ತಗ್ಗಿಸುವ ಆಂಟಿಸೈಕೋಟಿಕ್ ಮಾತ್ರೆ ಕೊಟ್ಟರು, ಅದು ಯಾವುದಕ್ಕೆ ಅಂತ ಮುಚ್ಚಿಡದೆ ಹೇಳಿಯೇ ಕೊಟ್ಟರು. ನಡುವೆ ಒಮ್ಮೆ ಚಿಕ್ಕಪ್ಪ ಮಾತ್ರೆ ಬಿಟ್ಟೂಬಿಟ್ಟಿದ್ದರು, ಭ್ರಮೆ ಮತ್ತೆ ಶುರುವಾಯಿತು. ಎಲ್ಲರಿಗೂ ಪೂರ್ತಿ ಹೋಗುತ್ತದೆ ಅಂತಿಲ್ಲ. ಕೆಲವರಲ್ಲಿ ನಂಬಿಕೆ ಹಾಗೇ ಉಳಿದು ಅದರ ಕಾಟ ಮಾತ್ರ ಕಡಿಮೆಯಾಗುತ್ತದೆ.

ಕಳೆದ ಸಲ ಹೋದಾಗ ನೆಲದ ಮೇಲೆ ಹಳೇ ಗೆರೆ ಮಸುಕಾಗಿ ಇತ್ತು, ಕುರ್ಚಿ ಅದರಿಂದ ಒಂದು ಗೇಣು ಆಚೆ. ಚಿಕ್ಕಪ್ಪ ಅದನ್ನ ನೋಡಿದರು, ನನ್ನನ್ನೂ ನೋಡಿದರು. ಆಮೇಲೆ ಕುರ್ಚಿಯನ್ನ ಕಿಟಕಿ ಕಡೆಗೆ ಇನ್ನಷ್ಟು ಎಳೆದುಕೊಂಡು ಕೂತು ಪೇಪರ್ ಬಿಡಿಸಿದರು.