ತರಗು ಬೆಂಕಿಯ ನೆನಪು

ಬಿಳಿಗಿರಿರಂಗನ ಬೆಟ್ಟಕ್ಕೆ ನಾವು ಹೋದದ್ದು ದೊಡ್ಡಸಂಪಿಗೆ ಎಂಬ ಬಹು ಹಳೆಯ ಸಂಪಿಗೆ ಮರವನ್ನು ನೋಡಲು. ಮೂರು ದಿನಗಳ ಆ ಪ್ರವಾಸದಲ್ಲಿ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಅಲ್ಲಿನ ಬುಡಕಟ್ಟಿನವರಾದ ಸೋಲಿಗರ ಪೋಡೊಂದರಲ್ಲಿ, ಅಂದರೆ ಹಾಡಿಯೊಂದರಲ್ಲಿ, ನೆಲ್ಲಿಮರದ ಕೆಳಗೆ ಕುಳಿತು ಆಡಿದ ಮಾತು.

ಅಲ್ಲಿಗೆ ಹೋದದ್ದೂ ಆಕಸ್ಮಿಕವೇ. ದೊಡ್ಡಸಂಪಿಗೆಗೆ ಅರಣ್ಯ ಇಲಾಖೆಯ ಅನುಮತಿ ಬೇಕಿಲ್ಲವೆಂದು ನಮ್ಮ ವಸತಿಗೃಹದವರು ಭರವಸೆ ಕೊಟ್ಟಿದ್ದರು. ಅದನ್ನು ನಂಬಿ ಹೊರಟ ನಾವು ಅರ್ಧ ದಾರಿಯಿಂದ ಹಿಂದಿರುಗಬೇಕಾಯಿತು. ಹೋಗುವವರು ಮೊದಲ ದಿನವೇ ಇಲಾಖೆಯಲ್ಲಿ ವಿಚಾರಿಸುವುದು ಒಳ್ಳೆಯದು. ಅದೇ ವಸತಿಗೃಹದಲ್ಲಿ ರಾತ್ರಿ ಊಟದ ಜೊತೆಗೆ 'ಗಿರಿಜನ ನೃತ್ಯ'ವೂ ಇತ್ತು. ಸೋಲಿಗರ ಗೊರುಕನ ಹಾಡಿಗೆ ಮೈಕು ಹಿಡಿದು ಚಪ್ಪಾಳೆ ಕೇಳುವುದು ನನಗೆ ಹಿಡಿಸಲಿಲ್ಲ.

ದೇವಸ್ಥಾನದ ಬಳಿ ಪರಿಚಯವಾದ ಸೋಲಿಗ ಅಜ್ಜ, "ಒಳಗ ಇರೋನು ನಮ್ಮ ಭಾವ" ಎಂದು ರಂಗನಾಥನನ್ನು ತೋರಿಸಿದ. ಸೋಲಿಗರ ಹುಡುಗಿ ಕುಸುಮಾಲೆಯನ್ನು ರಂಗಸ್ವಾಮಿ ಮದುವೆಯಾದದ್ದರಿಂದ ಈ ನಂಟು. ದೇವರನ್ನು ಹೀಗೆ ಸಲಿಗೆಯಿಂದ ಕರೆಯುವ ಜನರ ಜೊತೆ ಇನ್ನಷ್ಟು ಮಾತಾಡಬೇಕೆನಿಸಿ, ಅಜ್ಜನ ಹಿಂದೆಯೇ ಪೋಡಿಗೆ ನಡೆದೆವು.

ದಾರಿಯ ಎರಡೂ ಕಡೆ ಆಳೆತ್ತರದ ಲಂಟಾನ. ಬ್ರಿಟಿಷರು ಅಲಂಕಾರಕ್ಕೆಂದು ದೇಶಕ್ಕೆ ತಂದ ಈ ಗಿಡ ಇಲ್ಲಿ ಹುಲ್ಲನ್ನೂ ಬೆಳೆಯಗೊಟ್ಟಿಲ್ಲ. ನಾನು ಅದರ ಹೂವನ್ನು ಮೆಚ್ಚಿ ಏನೋ ಅಂದೆ. ಅಜ್ಜ ಅಲ್ಲೇ ನಿಂತುಬಿಟ್ಟ.

"ನಾವು ತರಗು ಬೆಂಕಿ ಕೊಡ್ತಿದ್ದಾಗ ಇದು ಇಷ್ಟು ಇರ್ನಿಲ್ಲ ಸಾಮಿ."

ತರಗು ಬೆಂಕಿಯೆಂದರೆ ಬೇಸಿಗೆ ಬಲಿಯುವ ಮೊದಲೇ ಉದುರಿದ ಎಲೆಗಳಿಗೆ ಹಚ್ಚುತ್ತಿದ್ದ ಸಣ್ಣ ಬೆಂಕಿ. "ಬೆಂಕಿ ಕೊಡದು ಅಂದ್ರ ಕಾಡ ಸುಡದಲ್ಲ, ತರಗ ಸುಡದು. ಮಂಡಿ ಮಟ್ಟಕೂ ಏಳ್ತಿರ್ನಿಲ್ಲ" ಎಂದು ತನ್ನ ಮೊಣಕಾಲನ್ನು ಮುಟ್ಟಿ ತೋರಿಸಿದ. 1974ರಲ್ಲಿ ಈ ಕಾಡು ಅಭಯಾರಣ್ಯವಾದ ಮೇಲೆ ಅದು ನಿಂತಿತು. ಪೋಡಿನ ನೆಲ್ಲಿಮರದ ಕೆಳಗೆ ಕೂತಾಗ, ಕೊಂಬೆಯೊಂದಕ್ಕೆ ಅಂಟಿ ಬೆಳೆದಿದ್ದ ಉಪ್ಪಿಲನ್ನು ಮುರಿದು ನನ್ನ ಕೈಗಿಟ್ಟ. ನೆಲ್ಲಿಯ ಎಲೆ ಗರಿಯಂತೆ ಸಣ್ಣದು. ಉಪ್ಪಿಲಿನ ಎಲೆ ಅಗಲ, ದಪ್ಪ. ಮರದ ರಸವನ್ನು ಹೀರಿ ಬದುಕುವ ಈ ಬಂದಳಿಕೆಯನ್ನೂ ಆ ಬೆಂಕಿಯೇ ಹದ್ದಿನಲ್ಲಿಡುತ್ತಿತ್ತೆಂಬುದು ಸೋಲಿಗರ ತಿಳಿವಳಿಕೆ. ಸಂಶೋಧಕರು ಈ ಮಾತನ್ನು ಕಿವಿಗೊಟ್ಟು ಕೇಳಿ ಬರೆದಿಟ್ಟದ್ದು ಬಹಳ ತಡವಾಗಿ.

2011ರಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಇಲ್ಲಿನ 25 ಪೋಡುಗಳಿಗೆ ಸಮುದಾಯದ ಹಕ್ಕುಪತ್ರವೂ ಸಿಕ್ಕಿತು. ಹಾಗಾದರೆ ಈಗ ಮತ್ತೆ ಬೆಂಕಿ ಕೊಡಬಹುದಲ್ಲವೇ ಎಂದು, ಎಲ್ಲವೂ ಅರ್ಥವಾದವನಂತೆ, ಕೇಳಿದೆ.

"ಈಗ ಕೊಟ್ರ ಲಂಟಾನ ಹತ್ಗಂಡು ಮರದ ತುದಿಗೋಯ್ತದ. ಮೊದ್ಲು ಅದ ಕೀಳ್ಬೇಕು. ಕೀಳೋರ್ಯಾರು?"

ನನ್ನ ಬಳಿ ಉತ್ತರವಿರಲಿಲ್ಲ. ಅಷ್ಟರಲ್ಲಿ ಅಜ್ಜನ ಮಗಳು ಬೆಲ್ಲದ ಕಾಫಿ ತಂದುಕೊಟ್ಟಳು. ಹಿತ್ತಲಲ್ಲೇ ಬೆಳೆದದ್ದು, ಚಿಕೋರಿ ಬೆರೆಸಿದ ನಮ್ಮ ಪೇಟೆಯ ಪುಡಿಗಿಂತ ಎಷ್ಟೋ ಮೇಲು.

ಮರುದಿನ ಅನುಮತಿ ದೊರೆತು, ಭಾರ್ಗವಿ ನದಿಯ ದಡದಲ್ಲಿರುವ ದೊಡ್ಡಸಂಪಿಗೆಯನ್ನು ನೋಡಿದೆವು. ಜೊತೆಗೆ ಬಂದ ಸೋಲಿಗ ಯುವಕ ದೂರದಲ್ಲೇ ಚಪ್ಪಲಿ ಬಿಟ್ಟು, ಬುಡದ ಸುತ್ತ ನೆಟ್ಟಿದ್ದ ಕಲ್ಲುಗಳಿಗೆ ಕೈಮುಗಿದ. ನಾನು ತಲೆಯೆತ್ತಿ, ಕೊಂಬೆಗಳಲ್ಲಿ ಎಲ್ಲಾದರೂ ಉಪ್ಪಿಲು ಇದೆಯೇ ಎಂದು ಹುಡುಕುತ್ತಿದ್ದೆ.