ಹೆಸರು ಬಂದಿತ್ತು, ಓದು ಬಂದಿರಲಿಲ್ಲ

ತಂಗಿಯ ಐದು ವರ್ಷದ ಮಗಳಿಗೆ ಇಂಗ್ಲಿಷಿನ 26 ಅಕ್ಷರಗಳ ಹೆಸರೂ ಬಾಯಿಪಾಠವಾಗಿತ್ತು. ಯಾವುದನ್ನು ತೋರಿಸಿದರೂ ತಡವರಿಸದೆ ಹೇಳುತ್ತಿದ್ದಳು. ಕಲಿಸಿದವಳು ನಾನೇ ಆದ್ದರಿಂದ, ಇನ್ನು ಓದು ತಾನಾಗಿಯೇ ಕೂಡಿಬರುತ್ತದೆಂದು ನಂಬಿ, ಒಂದು ಬೆಳಿಗ್ಗೆ ‘ಸನ್’ ಎಂಬ ಮೂರಕ್ಷರದ ಪದವನ್ನು ಬರೆದು ಅವಳ ಮುಂದಿಟ್ಟೆ. ಒಂದೊಂದರ ಕೆಳಗೂ ಬೆರಳಿಟ್ಟು ‘ಎಸ್, ಯು, ಎನ್’ ಎಂದಳು. ಕೂಡಿಸಿ ಹೇಳೆಂದಾಗ ‘ಎಸ್ಸುಯೆನ್’ ಎಂದು ನನ್ನ ಮುಖ ನೋಡಿದಳು. ತಪ್ಪು ಅವಳದಾಗಿರಲಿಲ್ಲ, ನಾನು ಕೊಟ್ಟದ್ದನ್ನೇ ಅವಳು ಶ್ರದ್ಧೆಯಿಂದ ಕೂಡಿಸಿದ್ದಳು.

ಕನ್ನಡದಲ್ಲಿ ‘ಮ’ ಅಕ್ಷರದ ಹೆಸರೂ ‘ಮ’, ಉಚ್ಚಾರವೂ ‘ಮ’. ‘ಮ’, ‘ರ’ ಎಂದು ಬಿಡಿಯಾಗಿ ಹೇಳಿದರೂ ‘ಮರ’ ಕಿವಿಗೆ ಬಿದ್ದೇಬಿಡುತ್ತದೆ. ಆ ರೂಢಿಯಲ್ಲಿ ಬೆಳೆದ ನನಗೆ ಹೆಸರು ಬೇರೆ, ದನಿ ಬೇರೆ ಎಂಬುದು ಅದುವರೆಗೆ ಹೊಳೆದಿರಲಿಲ್ಲ. ಇಂಗ್ಲಿಷಿನ ‘ಎಚ್’ ಎಂಬ ಹೆಸರಿನಲ್ಲಿ ಹಕಾರವೇ ಇಲ್ಲ, ‘ಡಬ್ಲ್ಯೂ’ನಲ್ಲಿ ವಕಾರವಿಲ್ಲ, ‘ವೈ’ ಎಂದರೆ ಯಕಾರದ ಬದಲು ವಕಾರ ಕೇಳಿಸುತ್ತದೆ. 1907ರಲ್ಲಿ ರೋಮಿನಲ್ಲಿ ‘ಮಕ್ಕಳ ಮನೆ’ಯನ್ನು ತೆರೆದ ಮರಿಯಾ ಮಾಂಟೆಸ್ಸರಿ, ಮರಳುಕಾಗದದ ಅಕ್ಷರಗಳ ಮೇಲೆ ಮಕ್ಕಳ ಬೆರಳಾಡಿಸಿ ಹೆಸರಿನ ಬದಲು ದನಿಯನ್ನೇ ಹೇಳಿಕೊಡುತ್ತಿದ್ದರೆಂದು ಹಿಂದೆ ಓದಿದ್ದೆ. ಓದಿದ್ದರ ಅರ್ಥ ತಿಳಿದದ್ದು ಆ ಬೆಳಿಗ್ಗೆ.

ಸರಿ, ದನಿಯನ್ನೇ ಹೇಳಿಕೊಡೋಣವೆಂದು ‘ಸ, ಅ, ನ’ ಎಂದೆ. ಅವಳು ‘ಸಅನ’ ಎಂದಳು. ನನ್ನ ಬಾಯಲ್ಲಿ ಪ್ರತಿ ವ್ಯಂಜನದ ಬೆನ್ನಿಗೂ ಒಂದು ಅಕಾರ ಅಂಟಿಕೊಂಡೇ ಬರುತ್ತಿತ್ತು. ಬೇಕಾದದ್ದು ‘ಸ’ ಅಲ್ಲ, ‘ಸ್’. ‘ನ’ ಅಲ್ಲ, ‘ನ್’. ನಮ್ಮ ಅರ್ಧಾಕ್ಷರವೇ ಇಲ್ಲಿಯ ಕೀಲಿಕೈ ಎಂದು ಹೊಳೆದಾಗ ಆದ ಸಂತೋಷ ಇಂದಿಗೂ ನೆನಪಿದೆ. ‘ಚಿನ್ನ’ ಎನ್ನುತ್ತಾ ಹೋಗಿ ನಡುವೆಯೇ ನಿಲ್ಲು ಎಂದೆ. ‘ಚಿನ್‌ನ್‌ನ್’ ಎಂದು ನಿಂತಳು. ನಾಲಿಗೆಯ ತುದಿ ಮೇಲಕ್ಕೆ ಒತ್ತಿತ್ತು, ದನಿ ಮೂಗಿನಿಂದ ಹರಿಯುತ್ತಿತ್ತು. ಮೂಗನ್ನು ಹಿಡಿದುಕೋ ಎಂದೆ. ಹಿಡಿದಳು, ದನಿ ಥಟ್ಟನೆ ನಿಂತಿತು. ಬಿಟ್ಟಳು, ಬಂತು. ಇದನ್ನು ಅವಳು ಹತ್ತಾರು ಬಾರಿ ಮಾಡಿದಳು, ನಾನೂ ತಡೆಯಲಿಲ್ಲ. ಆಮೇಲೆ ಮತ್ತೆ ಆ ಪದದ ಮೇಲೆ ಬೆರಳಿಟ್ಟು, ಉಸಿರು ಕಡಿಯದೆ, ‘ಸ್‌ಸ್‌ಸ್…ಅ…ನ್‌ನ್‌ನ್’ ಎಂದು ಎಳೆದುಕೊಂಡು ಹೋದಳು. ಎರಡನೆಯ ಬಾರಿ ಬೇಗ ಎಳೆದಳು. ಮೂರನೆಯ ಬಾರಿ ‘ಸನ್’ ಎಂದು ಕೂಗಿ, ಕಿಟಕಿಯತ್ತ ಕೈ ತೋರಿಸಿದಳು.

‘ಸ್’, ‘ಮ್’, ‘ನ್’, ‘ಫ್’ ಇವನ್ನು ಉಸಿರಿರುವಷ್ಟು ಹೊತ್ತು ಎಳೆಯಬಹುದು. ‘ಬ್’, ‘ಟ್’, ‘ಕ್’ ಹುಟ್ಟಿದೊಡನೆ ಮುಗಿದುಹೋಗುತ್ತವೆ, ಎಳೆಯಹೋದರೆ ಅಕಾರ ಬಂದು ಸೇರುತ್ತದೆ. ಆದ್ದರಿಂದ ಎಳೆಯಬಲ್ಲವುಗಳಿಂದಲೇ ಮುಂದುವರಿದೆವು.

ಹೆಸರುಗಳು ಬೇಡವೆಂದು ನಾನು ಹೇಳುವುದಿಲ್ಲ. ಕಾಗುಣಿತವನ್ನು ಬಾಯಲ್ಲಿ ಹೇಳಲು, ನಿಘಂಟು ನೋಡಲು ಅವು ಬೇಕೇ ಬೇಕು. ಆದರೆ ಆ ಅಗತ್ಯ ಆಮೇಲಿನದು. ಮೊದಲೇ ಬಾಯಿಪಾಠ ಮಾಡಿಸಿದ್ದರಿಂದ ಅವಳಿಗೆ ತೊಡಕೇ ಆಯಿತು. ಎಷ್ಟೋ ದಿನ ‘ಹ್ಯಾಟ್’ ಎಂಬ ಪದವನ್ನು ‘ಚ್ಯಾಟ್’ ಎಂದೇ ಓದುತ್ತಿದ್ದಳು. ‘ಎಚ್’ ಎಂಬ ಹೆಸರಿನ ಬಾಲ ಅವಳ ನಾಲಿಗೆಯನ್ನು ಬಿಟ್ಟಿರಲಿಲ್ಲ. ಕೊನೆಗೆ ಅವಳ ಅಂಗೈಯನ್ನು ನನ್ನ ಬಾಯಿಯ ಮುಂದೆ ಹಿಡಿದು ‘ಹ್’ ಎಂದು ಉಸಿರು ಬಿಟ್ಟು ತೋರಿಸಿದೆ.

ಮೊನ್ನೆ ಅವಳ ಮೂರು ವರ್ಷದ ತಮ್ಮ ಅದೇ ಅಕ್ಷರವನ್ನು ತೋರಿಸಿ ‘ದೊಡ್ಡಮ್ಮ, ಇದೇನು?’ ಎಂದು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಅವನ ಅಂಗೈಯನ್ನು ಎಳೆದುಕೊಂಡು, ಅದರ ಮೇಲೆ ಬೆಚ್ಚಗೆ ಉಸಿರು ಬಿಟ್ಟಳು.